ಮುಂಡಿಗೆ ಬುಡ ಕೊಳೆತಿದೆ, ತೊಟ್ಟಿಮನೆಯನ್ನೇ ಕೆಡವಬೇಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ತೊಟ್ಟಿಮನೆ. ತೊಟ್ಟಿಯ (ನಡುವಿನ ತೆರೆದ ಅಂಗಳದ) ಸುತ್ತ ಹನ್ನೆರಡು ಮುಂಡಿಗೆ (ಮರದ ಕಂಬ), ಮಣ್ಣಿನ ಗೋಡೆ, ಮುಂಭಾಗಕ್ಕೆ ಉಪ್ಪರಿಗೆ, ಮಂಗಳೂರು ಹೆಂಚಿನ ಮಾಡು. ಕೆಳದಿ ಅರಸರ ಕಾಲದ್ದು, ನಾನೂರು ವರ್ಷದ ಮನೆ ಎನ್ನುತ್ತಾರೆ ದೊಡ್ಡಪ್ಪ. 2011ರಲ್ಲಿ ಜಗಲಿಗೂ ತೊಟ್ಟಿ ಸುತ್ತಲಿನ ನೆಲಕ್ಕೂ ಟೈಲ್ಸ್ ಹಾಕಿಸಿ, ಹೊರಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದೆವು. ಈಗ ಅಡುಗೆಮನೆ ಕಡೆಯ ಮೂಲೆ ಮುಂಡಿಗೆಯ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ನಾಲ್ಕು ಇಂಚು ಒಳಗೆ ಹೋಗುತ್ತದೆ. ಪಕ್ಕದ ಮುಂಡಿಗೆಯೂ ಮೆತ್ತಗಾಗಿದೆ. ಆ ಮಗ್ಗುಲಿನ ಮಾಡು ಮೂರು ಇಂಚು ಕುಸಿದಿದೆ. ಗ್ಯಾಸ್ ಬಂದು ಒಲೆ ನಿಂತ ಮೇಲೆ ಅಟ್ಟದಿಂದ ಮರದ ಪುಡಿ ಉದುರುತ್ತಿದೆ. ಹಳೆ ಎಂಜಿನ್ ಆಯಿಲ್ ಹಚ್ಚಿ ಎನ್ನುವವರಿದ್ದಾರೆ. ಕಂಟ್ರ್ಯಾಕ್ಟರ್ ಒಬ್ಬರು ಪೂರ್ತಿ ಕೆಡವಿ, ಇಲ್ಲವೆ ಗೋಡೆ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಿ ಸ್ಲ್ಯಾಬ್ ಮಾಡಿಸಿ ಎನ್ನುತ್ತಾರೆ. ಹಳೆ ಮರದ ವ್ಯಾಪಾರಿಯೊಬ್ಬರು ಎಲ್ಲ ಮರಕ್ಕೂ ಸೇರಿಸಿ ಒಂದು ಮೊತ್ತ ಹೇಳಿ ಹೋಗಿದ್ದಾರೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಮಾರುವ ಮನಸ್ಸು, ನನಗೆ ಇಲ್ಲ. ಮನೆ ನಿಜಕ್ಕೂ ಎಷ್ಟು ಹಳೆಯದು? ಉಳಿಯುತ್ತದೆಯೇ?

ಉತ್ತರ: ಮನೆಗೆ ವಯಸ್ಸಾಯಿತು, ಇನ್ನು ತಡೆಯದು ಎಂಬ ಭಯವೇ ನಿಮ್ಮ ಪತ್ರದ ಉದ್ದಕ್ಕೂ ಇದೆ. ನೀವು ಕೊಟ್ಟ ವಿವರ ನೋಡಿದರೆ ತೊಂದರೆ ವಯಸ್ಸಿನದಲ್ಲ, ನೀರಿನದು. ಅದರಲ್ಲೂ ಬಹುಪಾಲು 2011ರ ಕೆಲಸದಿಂದ ಬಂದದ್ದು. ಸ್ಥಳದಲ್ಲಿ ನೋಡಿಯೇ ಖಚಿತ ಮಾಡಬೇಕು. ಆದರೂ ಹನ್ನೆರಡರಲ್ಲಿ ಎರಡು ಮುಂಡಿಗೆ, ಅದೂ ಅಕ್ಕಪಕ್ಕದವು, ಅದೂ ಬುಡದಲ್ಲಿ ಮಾತ್ರ ಕೆಟ್ಟಿವೆ ಎಂದರೆ ಚೌಕಟ್ಟು ಪೂರ್ತಿ ಸೋತಿದೆ ಎನ್ನಲು ಆಧಾರವಿಲ್ಲ.

ಮೊದಲು ವಯಸ್ಸಿನ ಮಾತು ಮುಗಿಸೋಣ. ಕೆಳದಿ ಅರಸರ ಆಳ್ವಿಕೆ ಹೈದರಾಲಿ ಬಿದನೂರು ಹಿಡಿದ 1763ಕ್ಕೆ ಮುಗಿಯಿತು. ಮನೆತನ, ಜಾಗ, ತೋಟ ಆ ಕಾಲದವೇ ಇರಬಹುದು. ಆದರೆ ಮಲೆನಾಡಿನ ಮಳೆಗೆ ಮಣ್ಣಿನ ಗೋಡೆ, ಮರದ ಮಾಡು ನಾನೂರು ವರ್ಷ ಒಂದೇ ಸ್ಥಿತಿಯಲ್ಲಿ ನಿಲ್ಲುವುದು ಬಲು ಅಪರೂಪ. ಇಂಥ ಮನೆಗಳು ತುಂಡು ತುಂಡಾಗಿ ಹೊಸದಾಗುತ್ತ ಬಂದಿರುತ್ತವೆ. ಆದ್ದರಿಂದ ಒಂದೇ ಇಸವಿ ಹುಡುಕುವ ಬದಲು ಯಾವ ಭಾಗ ಯಾವ ಕಾಲದ್ದು ಎಂದು ಹುಡುಕಿ.

ಹೆಂಚಿನಿಂದ ಶುರುಮಾಡಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಜಾರ್ಜ್ ಪ್ಲೆಬ್ಸ್ಟ್ ಎಂಬವರ ಕೈಯಲ್ಲಿ. ಹಾಗಾಗಿ ನಿಮ್ಮ ಈಗಿನ ಹೊದಿಕೆ ಅದಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಒಂದೆರಡು ಹೆಂಚು ಇಳಿಸಿ ಹಿಂಬದಿ ನೋಡಿದರೆ ತಯಾರಕರ ಹೆಸರು, ಊರು ಅಚ್ಚಾಗಿರುತ್ತದೆ. ಬೇರೆ ಬೇರೆ ಅಚ್ಚಿನವು ಬೆರೆತಿದ್ದರೆ ಆಗಾಗ ಬದಲಿಸಿದ್ದಾರೆ ಎಂದು ತಿಳಿಯಿರಿ. ಅದಕ್ಕೂ ಮುಂಚೆ ಹುಲ್ಲೋ ಸೋಗೆಯೋ ನಾಡಹೆಂಚೋ ಇದ್ದಿರಬೇಕು. ಹುಲ್ಲಿನ ಮಾಡಿಗೆ ಹೆಚ್ಚು ಇಳಿಜಾರು ಬೇಕು. ನಿಮ್ಮ ಪಕಾಸಿಗಳು (ಮಾಡು ಹೊರುವ ಓರೆ ಮರಗಳು) ತೀರಾ ಕಡಿದಾಗಿದ್ದರೆ, ಅಥವಾ ಮಾಡನ್ನು ತಗ್ಗಿಸಿದ ಗುರುತು ಗೋಡೆಯ ತಲೆಯಲ್ಲಿ ಕಂಡರೆ, ಚೌಕಟ್ಟು ಹೆಂಚಿಗಿಂತ ಹಳೆಯದು.

ಆಮೇಲೆ ಮರದ ಮೈ. ಬಣ್ಣ, ಪಾಲಿಶ್ ಇಲ್ಲದ ಅಟ್ಟದ ತೊಲೆಗಳ ಮೇಲೆ ಟಾರ್ಚನ್ನು ಅಡ್ಡಲಾಗಿ ಹಿಡಿಯಿರಿ. ಬಾಚಿಯಿಂದ ಕೆತ್ತಿದ್ದರೆ ಅಂಗೈ ಅಗಲದ ಸಣ್ಣ ತಗ್ಗುಗಳು ಸಾಲಾಗಿ ಕಾಣುತ್ತವೆ. ಇಬ್ಬರು ಹಿಡಿದು ಎಳೆಯುವ ಕೈಗರಗಸದ ಗೆರೆ ನೇರವಾಗಿದ್ದರೂ ಒಂದೊಂದು ಒಂದೊಂದು ಓರೆಯಲ್ಲಿರುತ್ತದೆ. ಮಿಲ್ಲಿನ ಚಕ್ರಗರಗಸದ ಗೆರೆ ಕಮಾನಿನ ಹಾಗೆ ಬಾಗಿರುತ್ತದೆ. ಕಮ್ಮಾರ ಬಡಿದ ಚೌಕ ಮೊಳೆಗೂ ಕಾರ್ಖಾನೆಯ ದುಂಡು ಮೊಳೆಗೂ ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ. ಇನ್ನೊಂದನ್ನು ಮರೆಯದೆ ನೋಡಿ: ಮುಂಡಿಗೆಯ ಮೈಯಲ್ಲಿ ಏನೂ ಸೇರಿರದ ಖಾಲಿ ತೂತು, ಗಾಡಿ (ಉದ್ದನೆಯ ಕೊರೆತ) ಇವೆಯೇ? ಇದ್ದರೆ ಆ ಮುಂಡಿಗೆ ಮೊದಲು ಬೇರೆಲ್ಲೋ ನಿಂತಿತ್ತು. ಮಲೆನಾಡಿನಲ್ಲಿ ಇದು ಸಾಮಾನ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗ ಮನೆ ಬಿಚ್ಚಿ ಮರ ಹೊತ್ತು ತಂದು ಮತ್ತೆ ಕಟ್ಟಿಕೊಂಡವರಿದ್ದಾರೆ. ಅಂಥ ಕಡೆ ಮರ ಹಳೆಯದು, ಮನೆ ಹೊಸದು. ಮರದ ತುಂಡನ್ನು ಲ್ಯಾಬಿಗೆ ಕಳಿಸಿ ಕಾಲ ನಿರ್ಣಯ ಮಾಡಿಸಿದರೂ ಗೊತ್ತಾಗುವುದು ಮರ ಬೆಳೆದ ಕಾಲವೇ ಹೊರತು ಮನೆ ಕಟ್ಟಿದ ಕಾಲವಲ್ಲ. ಆ ಖರ್ಚು ಬೇಡ. ಹಳೆಯ ವಿಭಾಗಪತ್ರಗಳಲ್ಲಿ 'ಹೆಂಚಿನ ಮನೆ', 'ಹುಲ್ಲಿನ ಮನೆ' ಎಂದು ಬರೆದಿರುವುದುಂಟು. ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೂಲೆ ಮುಂಡಿಗೆಯೇ ಏಕೆ ಮೊದಲು ಕೊಳೆಯಿತು?

ತೊಟ್ಟಿಮನೆಯಲ್ಲಿ ನಾಲ್ಕೂ ದಿಕ್ಕಿನ ಮಾಡು ಒಳಗಡೆಗೆ ಇಳಿಯುತ್ತದೆ. ತೊಟ್ಟಿಯ ಒಂದೊಂದು ಮೂಲೆಯಲ್ಲಿ ಎರಡು ಮಾಡು ಕೂಡುವ ತಗ್ಗು ಇರುತ್ತದೆ. ಎರಡೂ ಕಡೆಯ ನೀರು ಅಲ್ಲಿಗೆ ಹರಿಯುತ್ತದೆ. ಲೆಕ್ಕ ಹಾಕಿ: ತೊಟ್ಟಿಗೆ ಇಳಿಯುವ ಮಾಡಿನ ವಿಸ್ತೀರ್ಣ ಒಟ್ಟು 1,000 ಚದರಡಿ ಎಂದುಕೊಂಡರೆ, 100 ಮಿಲಿಮೀಟರ್ ಮಳೆ ಬಿದ್ದ ದಿನ ತೊಟ್ಟಿಗೆ ಬೀಳುವುದು ಸುಮಾರು 9,300 ಲೀಟರ್ ನೀರು. ಆಷಾಢದಲ್ಲಿ ನಿಮ್ಮ ಕಡೆ ಅಂಥ ದಿನಗಳಿಗೆ ಬರವಿಲ್ಲ. ಇದರ ದೊಡ್ಡ ಪಾಲು ನಾಲ್ಕು ಮೂಲೆಗಳಲ್ಲೇ ಸುರಿಯುತ್ತದೆ. ಆ ತಗ್ಗಿನಲ್ಲಿ ಹಾಸಿದ ತಗಡು ತುಕ್ಕು ಹಿಡಿದು ತೂತಾದರೆ, ಅಥವಾ ಎಲೆ-ಕಸ ಕಟ್ಟಿ ನೀರು ಉಕ್ಕಿದರೆ, ಮುಂಡಿಗೆಯ ತಲೆ, ಬೋದಿಗೆ (ಮುಂಡಿಗೆಗೂ ತೊಲೆಗೂ ನಡುವಿನ ಮರ), ತೊಲೆಯ ತುದಿ ನೆನೆಯುತ್ತವೆ. ಕೆಳಗೆ ಬಿದ್ದ ನೀರು ಚಿಮ್ಮಿ ಬುಡವೂ ನೆನೆಯುತ್ತದೆ. ಮೂಲೆ ಮುಂಡಿಗೆಗೆ ಮೇಲಿಂದಲೂ ಕೆಳಗಿಂದಲೂ ಪೆಟ್ಟು.

ಕಟ್ಟಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಮುಂಡಿಗೆಯನ್ನು ನೆಲದ ಮೇಲೆ ನಿಲ್ಲಿಸದೆ, ನೆಲದಿಂದ ಎದ್ದ ಕಲ್ಲಿನ ಮೇಲೆ ನಿಲ್ಲಿಸಿದರು. ಮರ ನೀರು ಹೀರುವುದು ಮೈಯಿಂದ ಕಡಿಮೆ, ಕೊಯ್ದ ತುದಿಯಿಂದ ಬಹಳ ಹೆಚ್ಚು. ಕಲ್ಲಿನ ಎತ್ತರ ಆ ತುದಿಯನ್ನು ಒಣಗಿಸಿ ಇಡುತ್ತಿತ್ತು.

ಈಗ 2011ಕ್ಕೆ ಬನ್ನಿ. ಟೈಲ್ಸ್ ಹಾಕುವಾಗ ಹಳೆಯ ನೆಲ ತೆಗೆಯದೆ ಅದರ ಮೇಲೇ ಸಿಮೆಂಟ್ ಹಾಸಿದ್ದರೆ ನೆಲ ಏನಿಲ್ಲವೆಂದರೂ ಎರಡು ಇಂಚು ಮೇಲೇರಿದೆ. ಮುಂಡಿಗೆಯ ಬುಡದ ಕಲ್ಲು ಈಗ ಎಷ್ಟು ಕಾಣುತ್ತಿದೆ, ಹೋಗಿ ನೋಡಿ. ಒಳ್ಳೆಯ ಮುಂಡಿಗೆಗಳ ಬಳಿ ಎರಡು ಮೂರು ಇಂಚು ಕಲ್ಲು ಕಂಡು, ಕೆಟ್ಟ ಎರಡರ ಬಳಿ ಟೈಲ್ಸ್ ನೇರ ಮರಕ್ಕೇ ತಾಗಿ ಸುತ್ತ ಬಿಳಿ ಸಿಮೆಂಟ್ ತುಂಬಿದ್ದರೆ ಉತ್ತರ ಅಲ್ಲೇ ಇದೆ. ನೆಲ ಒರೆಸಿದ ನೀರು, ಮಳೆಯ ಎರಚಲು ಆ ಸಂದಿಗೆ ಇಳಿದು ಹೊರಬರಲು ದಾರಿಯಿಲ್ಲದೆ ಕೂರುತ್ತದೆ. ಮರದಲ್ಲಿ ನೀರಿನಂಶ ಶೇ 20ಕ್ಕಿಂತ ಹೆಚ್ಚಾಗಿ ಬಹುಕಾಲ ನಿಂತರೆ ಕೊಳೆಸುವ ಶಿಲೀಂಧ್ರಕ್ಕೆ ಸಾಕು. ಮೆತ್ತಗಾದ ಮರಕ್ಕೆ ಗೆದ್ದಲು ಆಮೇಲೆ ಬರುತ್ತದೆ. ಜನ ಗೆದ್ದಲನ್ನೇ ಮೂಲ ಅಪರಾಧಿ ಎಂದುಕೊಂಡು ಔಷಧಿ ಹೊಡೆಸುತ್ತಾರೆ, ನೀರು ಮಾತ್ರ ಹಾಗೇ ಇರುತ್ತದೆ.

ಹೊರಗೋಡೆಯ ಸಿಮೆಂಟ್ ಗಾರೆಯದೂ ಇದೇ ಕಥೆ. ಮಣ್ಣಿನ ಗೋಡೆ ನೆಲದ ತೇವವನ್ನು ಸ್ವಲ್ಪ ಹೀರುತ್ತದೆ, ಎರಡೂ ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟ್ ಹೊರಮೈಯನ್ನು ಮುಚ್ಚಿದರೆ ತೇವ ಒಳಗೇ ಉಳಿದು ಮೇಲೇರುತ್ತದೆ. ಗೋಡೆಯೊಳಗೆ ಹೂತ ತೊಲೆಯ ತುದಿ, ದಾರಂದದ (ಬಾಗಿಲ ಚೌಕಟ್ಟಿನ) ಬುಡ ನೆನೆಯುತ್ತವೆ. ಗಾರೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಡಬಡಬ ಎಂದ ಕಡೆ ಅದು ಗೋಡೆ ಬಿಟ್ಟಿದೆ, ಹಿಂದಿನ ಮಣ್ಣು ಬಹುಶಃ ಮೆತ್ತಗಿದೆ.

ಇಷ್ಟು ಕೊಳೆತ ಮುಂಡಿಗೆ ಇನ್ನೂ ನಿಂತಿದೆಯಲ್ಲ ಎಂದು ಆಶ್ಚರ್ಯಪಡಬೇಡಿ. ಎಂಟು ಇಂಚು ಚೌಕದ ಗಟ್ಟಿಮರದ ಮುಂಡಿಗೆ ನೆಟ್ಟಗೆ ನಿಂತಾಗ ಹತ್ತು ಟನ್‌ಗೂ ಹೆಚ್ಚು ಹೊರಬಲ್ಲದು. ಅದರ ಮೇಲೆ ನಿಜಕ್ಕೂ ಬೀಳುವ ಮಾಡಿನ ಭಾರ ಅರ್ಧದಿಂದ ಒಂದು ಟನ್ ಇರಬಹುದು. ಉಪ್ಪರಿಗೆ ಇದ್ದರೆ ಇನ್ನಷ್ಟು. ಅರ್ಧ ತಿಂದುಹೋದರೂ ನಿಲ್ಲುವುದು ಇದರಿಂದಲೇ. ಅಪಾಯ ಇರುವುದು ಬುಡ ಪಕ್ಕಕ್ಕೆ ಜಾರುವುದರಲ್ಲಿ. ಹಾಗಾಗಿ ರಿಪೇರಿ ಶುರುವಾಗುವವರೆಗೆ ಆ ಎರಡೂ ಮುಂಡಿಗೆಯ ಪಕ್ಕದಲ್ಲಿ ತೊಲೆಗೆ ಆನಿಸಿ ಇವತ್ತೇ ಒಂದೊಂದು ಆಧಾರ ಕೊಡಿ.

ಕೇಳಿಬಂದ ಮಾತುಗಳು

ಕಬ್ಬಿಣದ ಮೊಳೆ ಇಲ್ಲದ ಮನೆಗೆ ಹುಳ ಹಿಡಿಯುವುದಿಲ್ಲ ಎನ್ನುತ್ತಾರೆ. ಮೊಳೆಗೂ ಹುಳಕ್ಕೂ ಸಂಬಂಧವಿಲ್ಲ. ಮರದ ಬೆಣೆಯ ಜೋಡಣೆಯ ಲಾಭ ಬೇರೆ: ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗ ಜೋಡಣೆಯೂ ಜೊತೆಗೆ ಸರಿಯುತ್ತದೆ, ಮರ ಸೀಳುವುದಿಲ್ಲ. ಒದ್ದೆ ಮರದಲ್ಲಿ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಬಿಚ್ಚಿ ಮತ್ತೆ ಕಟ್ಟಲು ಬರುವುದೂ ಬೆಣೆಯಿಂದಲೇ.

ಅಮಾವಾಸ್ಯೆಯ ಹತ್ತಿರ ಕಡಿದ ಮರಕ್ಕೆ ಕುಟ್ಟೆ (ಮರ ಕೊರೆಯುವ ಹುಳ) ಬೀಳದು ಎಂಬ ನಂಬಿಕೆಗಿಂತ ನಮ್ಮ ಹಿರಿಯರ ಬೇರೆರಡು ರೂಢಿಗಳು ಹೆಚ್ಚು ಕೆಲಸ ಮಾಡಿವೆ. ಒಂದು, ತೊಗಟೆಗೆ ಅಂಟಿದ ಬೆಳ್ಳಗಿನ ಹೊರಮರವನ್ನು ಕೆತ್ತಿ ತೆಗೆದು ಒಳಗಿನ ಗಟ್ಟಿ ಚೇಗನ್ನು ಮಾತ್ರ ಬಳಸಿದ್ದು. ಎರಡು, ದಿಮ್ಮಿಯನ್ನು ಕೆರೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿ ಆಮೇಲೆ ನೆರಳಲ್ಲಿ ಒಣಗಿಸಿದ್ದು. ಕುಟ್ಟೆ ಹುಳಕ್ಕೆ ಬೇಕಾದದ್ದು ಹೊರಮರದ ಪಿಷ್ಟ. ನೆನೆಸಿದರೆ ಅದು ಕಡಿಮೆಯಾಗುತ್ತದೆ.

ಹೊಗೆ ತಾಗುತ್ತಿದ್ದರೆ ಮರಕ್ಕೆ ಹುಳ ಹಿಡಿಯುವುದಿಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಒಲೆಯ ಹೊಗೆ ಮರದ ಮೈಗೆ ಜಿಡ್ಡು ಹಿಡಿಸುತ್ತಿತ್ತು ನಿಜ. ಹೆಚ್ಚಿನ ಕೆಲಸ ಮಾಡಿದ್ದು ಶಾಖ: ಇಡೀ ಮಳೆಗಾಲ ಅಟ್ಟ ಒಣಗಿರುತ್ತಿತ್ತು. ಈಗ ಅದು ಥಂಡಿ ಹಿಡಿದು ಕೂತಿದೆ. ಉದುರುವ ಪುಡಿ ಹೊಸದೇ ಎಂದು ಮೊದಲು ನೋಡಿ. ತೊಲೆಯ ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹಿಟ್ಟಿನಂಥ ಬೆಳ್ಳಗಿನ ಪುಡಿ ಬಿದ್ದರೆ ಹುಳ ಬದುಕಿದೆ. ಏನೂ ಬೀಳದೆ, ತೂತಿನ ಒಳಗೋಡೆ ಕಪ್ಪಾಗಿದ್ದರೆ ಅದು ಹಳೆಯ ಗಾಯ, ಬಿಟ್ಟುಬಿಡಿ. ಅಡಿಕೆ ದಬ್ಬೆ, ಬೈನೆ ರೀಪುಗಳಿಗೆ (ಹೆಂಚು ಕೂರುವ ಪಟ್ಟಿಗಳಿಗೆ) ಹುಳ ಹಿಡಿದಿದ್ದರೆ ಬದಲಿಸುವುದೇ ಅಗ್ಗ.

ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಅದು ಒಳಗಿಳಿಯುವುದಿಲ್ಲ, ಮೇಲೆ ಧೂಳು ಹಿಡಿದು ಕೂರುತ್ತದೆ, ಒಳಗಿನ ತೇವವನ್ನು ಆರಗೊಡುವುದಿಲ್ಲ, ಹಳೆ ವೈರಿಂಗ್ ಇರುವ ಮನೆಯಲ್ಲಿ ಬೆಂಕಿಗೆ ತುಪ್ಪ. ಒಳಗಿನ ಮರಕ್ಕೆ ಬೋರಾಕ್ಸ್ ದ್ರಾವಣ ಸಾಕು: 100 ಲೀಟರ್ ಬಿಸಿನೀರಿಗೆ 3 ಕೆಜಿ ಬೋರಾಕ್ಸ್, 2 ಕೆಜಿ ಬೋರಿಕ್ ಆಸಿಡ್ ಕರಗಿಸಿ, ಬಣ್ಣ-ಪಾಲಿಶ್ ಕೆರೆದ ಮರಕ್ಕೆ ಒಂದರ ಮೇಲೊಂದು ಮೂರು ಸಲ ಹಚ್ಚಿ. ಬಿರುಕು, ಜೋಡಣೆ, ಕೊಯ್ದ ತುದಿಗಳಿಗೆ ಧಾರಾಳವಾಗಿ. ಮಳೆ ತಾಗುವ ಕಡೆ ಇದು ತೊಳೆದು ಹೋಗುತ್ತದೆ. ಅಲ್ಲಿಗೆ ಗೇರುಬೀಜದ ಸಿಪ್ಪೆ ಎಣ್ಣೆಯ ಹಳೆ ರೂಢಿಯೇ ಒಳ್ಳೆಯದು. ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಗೆದ್ದಲಿಗೆ ನೆಲದಲ್ಲಿ ಔಷಧಿ ಹಾಕಿಸುವುದಾದರೆ ಪರವಾನಗಿ ಇರುವವರಿಂದಲೇ ಹಾಕಿಸಿ, ಬಾವಿ ಎಷ್ಟು ದೂರದಲ್ಲಿದೆ ಎಂದು ಮೊದಲೇ ಹೇಳಿ.

ಮೂರು ಇಂಚು ಕುಸಿದದ್ದು ಎಲ್ಲಿ?

ಇದನ್ನು ಅಳೆಯದೆ ಯಾರು ಏನು ಹೇಳಿದರೂ ಕೇಳಬೇಡಿ. ಗಾರೆಯವರ ಬಳಿ ಇರುವ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ತನ್ನಿ. ಹನ್ನೆರಡೂ ಮುಂಡಿಗೆಯ ಬುಡದ ಕಲ್ಲಿನ ಮಟ್ಟ, ತಲೆಯ ಮಟ್ಟ, ಎರಡು ಮುಂಡಿಗೆಯ ನಡುವೆ ತೊಲೆಯ ಹೊಟ್ಟೆಯ ಮಟ್ಟ ಮೂರನ್ನೂ ಬರೆದುಕೊಳ್ಳಿ. ಕಲ್ಲೂ ತಲೆಯೂ ಒಂದೇ ಅಳತೆಗೆ ಇಳಿದಿದ್ದರೆ ತಳದ ಮಣ್ಣು ಕುಸಿದಿದೆ. ತೊಟ್ಟಿಯ ನೀರು ಹೊರಹೋಗುವ ತೂಬು ಕಟ್ಟಿ ನೀರು ಅಡಿಪಾಯಕ್ಕೆ ಇಳಿಯುತ್ತಿದೆಯೇ ನೋಡಬೇಕು. ಕಲ್ಲು ಮಟ್ಟಸವಿದ್ದು ತಲೆ ಮಾತ್ರ ಇಳಿದಿದ್ದರೆ ಕೊಳೆತ ಬುಡ ಭಾರಕ್ಕೆ ಅಪ್ಪಚ್ಚಿಯಾಗಿದೆ. ಎರಡೂ ಸರಿಯಿದ್ದು ತೊಲೆಯ ನಡು ಇಳಿದಿದ್ದರೆ ಅದು ದಶಕಗಳ ಭಾರಕ್ಕೆ ಬಾಗಿದ ಮರ. ಆ ಬಾಗು ಹಿಂದಿರುಗದು, ಸಾಮಾನ್ಯವಾಗಿ ಅಪಾಯವೂ ಇಲ್ಲ. ನಾಲ್ಕನೆಯದು ಕಣ್ಣಿಗೆ ಕಾಣದ್ದು: ಗೋಡೆಯೊಳಗಿನ ತುದಿ ಕೊಳೆತಿರುವುದು. ಗೋಡೆಯ ಅಂಚಿನಲ್ಲಿ ತೊಲೆಯ ಬದಿಯಿಂದ 6 ಮಿಲಿಮೀಟರ್ ಬಿಟ್‌ನಲ್ಲಿ ಓರೆಯಾಗಿ ಒಳಗೆ ಕೊರೆಯಿರಿ. ಗರಿಗರಿ ಸುರುಳಿ ಬಂದರೆ ಮರ ಚೆನ್ನಾಗಿದೆ, ಕಂದು ಹುಡಿ ಬಂದರೆ ಇಲ್ಲ. ನಿಮ್ಮ ವಿವರಕ್ಕೆ ಎರಡನೆಯದು ಹೊಂದುತ್ತದೆ, ನಾಲ್ಕನೆಯದನ್ನು ಮಾತ್ರ ತಪ್ಪದೆ ಪರೀಕ್ಷಿಸಿ.

ಮುಂಡಿಗೆ ರಿಪೇರಿ ಹೇಗೆ

ಅನುಭವವಿರುವ ಆಚಾರಿಗೆ ಇದು ದೊಡ್ಡ ಕೆಲಸವಲ್ಲ, ಆದರೆ ಅವಸರದ್ದಲ್ಲ. ಮೊದಲು ಆ ಮೂಲೆಯ ಹೆಂಚು ಇಳಿಸಿ. ಮಂಗಳೂರು ಹೆಂಚು 100 ಚದರಡಿಗೆ 140ರಿಂದ 150 ಹಿಡಿಯುತ್ತವೆ. ಒಂದೊಂದು ಎರಡರಿಂದ ಮೂರು ಕೆಜಿ. ಭಾರ ಇಳಿದರೆ ಅರ್ಧ ಗೆದ್ದಂತೆ. ಮುಂಡಿಗೆಯ ಎರಡೂ ಪಕ್ಕ ತೊಲೆಯ ಕೆಳಗೆ ಆಧಾರ ಕೊಡಿ, ತೊಲೆಗೂ ಆಧಾರಕ್ಕೂ ನಡುವೆ ಎರಡು ಇಂಚಿನ ಹಲಗೆ ಇರಲಿ. ಕೆಳಗೆ ಟೈಲ್ಸ್ ಮೇಲೆ ನೇರವಾಗಿ ನಿಲ್ಲಿಸಿದರೆ ಅದು ಒಡೆದು ಆಧಾರ ಜಾರುತ್ತದೆ, ಒಂದೂವರೆ ಅಡಿ ಚೌಕದ ದಪ್ಪ ಹಲಗೆ ಹಾಕಿ. ಹೈಡ್ರಾಲಿಕ್ ಜಾಕಿಯಲ್ಲಿ ಎತ್ತುವುದು ಮುಂಡಿಗೆ ಸಡಿಲವಾಗುವಷ್ಟು ಮಾತ್ರ, ಮೂರರಿಂದ ಐದು ಮಿಲಿಮೀಟರ್. ಮೂರು ಇಂಚನ್ನೂ ಒಂದೇ ದಿನ ಎತ್ತಿ ಸರಿಮಾಡುತ್ತೇನೆ ಎನ್ನುವವರಿಗೆ ಕೆಲಸ ಕೊಡಬೇಡಿ. ಗೋಡೆ, ಮುಚ್ಚಿಗೆ, ಪಕಾಸಿ ಎಲ್ಲವೂ ಆ ಕುಸಿತಕ್ಕೆ ಒಗ್ಗಿಕೊಂಡಿವೆ, ಒಮ್ಮೆಗೇ ಎತ್ತಿದರೆ ಮಣ್ಣಿನ ಗೋಡೆ ಸೀಳುತ್ತದೆ. ಕುಸಿತವನ್ನೂ ತುಸು ಸರಿಪಡಿಸುವುದಾದರೆ, ದಿನಕ್ಕೆ ಎರಡು ಮೂರು ಮಿಲಿಮೀಟರ್‌ನಂತೆ ಒಂದು ಇಂಚು ಹಿಂದಕ್ಕೆ ಬಂದರೆ ಸಾಕು ಎಂದುಕೊಳ್ಳಿ.

ಕೊಳೆತ ಗೆರೆಗಿಂತ ಆರು ಇಂಚು ಮೇಲಕ್ಕೆ, ಗಟ್ಟಿಮರ ಸಿಕ್ಕ ಕಡೆ ಕತ್ತರಿಸಬೇಕು. ಒಟ್ಟು ಹೋದದ್ದು ಒಂದು ಅಡಿಯೊಳಗಿದ್ದರೆ ಅಷ್ಟು ಎತ್ತರದ ಗ್ರಾನೈಟ್ ಕಲ್ಲು ಕೊಡುವುದೇ ಅತ್ಯಂತ ಸರಳ, ಬಾಳಿಕೆಯದ್ದೂ ಹೌದು. ಕಲ್ಲಿನ ತಲೆಯನ್ನು ನೀರು ನಿಲ್ಲದಂತೆ ತುಸು ಉಬ್ಬಾಗಿ ಕೆತ್ತಿಸಿ, ನಡುವೆ 16 ಮಿಲಿಮೀಟರಿನ ಸ್ಟೇನ್‌ಲೆಸ್ ಸರಳಿನ ತುಂಡಿನಿಂದ ಮರಕ್ಕೂ ಕಲ್ಲಿಗೂ ಕೀಲು ಕೊಡಿ, ಪಕ್ಕಕ್ಕೆ ಜಾರುವುದಿಲ್ಲ. ಇನ್ನೂ ಮೇಲಕ್ಕೆ ಹೋಗಿದ್ದರೆ ಅದೇ ಜಾತಿಯ ಹಳೆಯ ಮರ ಸೇರಿಸಬೇಕು. ಎರಡೂ ತುಂಡನ್ನು ಓರೆಯಾಗಿ ಒಂದರ ಮೇಲೊಂದು ಕೂರುವಂತೆ ಕೊಯ್ದು ಜೋಡಿಸುವಾಗ, ಕೂಡುವ ಉದ್ದ ಮುಂಡಿಗೆಯ ಅಗಲದ ಎರಡೂವರೆಯಿಂದ ಮೂರು ಪಟ್ಟು ಇರಲಿ. ಎಂಟು ಇಂಚಿನದಕ್ಕೆ 20ರಿಂದ 24 ಇಂಚು, 12 ಮಿಲಿಮೀಟರಿನ ನಾಲ್ಕು ಸ್ಟೇನ್‌ಲೆಸ್ ಬೋಲ್ಟ್. ಹಸಿಮರ ಸೇರಿಸಿದರೆ ಅದು ಕುಗ್ಗಿ ಬೋಲ್ಟ್ ಸಡಿಲಾಗುತ್ತದೆ. ಕೊಳೆತ ತೂತಿಗೆ ಸಿಮೆಂಟ್ ತುಂಬುವುದು, ಬುಡದ ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟುವುದು ಎರಡೂ ಕೂಡದು. ಎರಡೂ ನೀರನ್ನು ಒಳಗೇ ಹಿಡಿದಿಡುತ್ತವೆ.

ಮರ ಎಲ್ಲಿಂದ? ಬಿದ್ದ ಕೊಟ್ಟಿಗೆ ಇದ್ದರೆ ಅದರದ್ದೇ ಸರಿ. ತೋಟದ ಅಂಚಿನ ಹೊನ್ನೆಗೋ ಬೀಟೆಗೋ ಅನುಮತಿಯಿಲ್ಲದೆ ಕೊಡಲಿ ಹಾಕಬೇಡಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಹಳೆಯ ಮರವನ್ನು ಲಾರಿಯಲ್ಲಿ ತರುವುದಿದ್ದರೂ ಕಳಿಸುವುದಿದ್ದರೂ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಕಾಗದ ಮಾಡಿಸಿಕೊಳ್ಳಿ.

ಇದರ ಜೊತೆಗೇ ಆಗಬೇಕಾದ್ದು: ಮುಂಡಿಗೆ ಸುತ್ತ ಒಂದು ಅಡಿ ಟೈಲ್ಸ್ ಒಡೆದು ತೆಗೆಯುವುದು, ನಾಲ್ಕೂ ಮೂಲೆಯ ತಗಡು ಬದಲಿಸುವುದು (ಎರಡೂ ಕಡೆ ಹೆಂಚಿನಡಿ ಆರಾರು ಇಂಚಾದರೂ ಒಳಹೋಗಬೇಕು), ತೂಬು ಬಿಡಿಸುವುದು, ಹೊರಗೋಡೆಯ ಸಿಮೆಂಟನ್ನು ಕನಿಷ್ಠ ಕೆಳಗಿನ ಮೂರು ಅಡಿ ಕೆರೆದು ಸುಣ್ಣದ ಗಾರೆಗೆ ಬರುವುದು. ಗೋಡೆ ಒಂದು ಬೇಸಿಗೆ ಪೂರ್ತಿ ಆರಿದ ಮೇಲೆ ಗಾರೆ ಮಾಡಿ.

ಕಂಟ್ರ್ಯಾಕ್ಟರ್ ಹೇಳಿದ್ದು, ವ್ಯಾಪಾರಿ ಹೇಳಿದ್ದು

ಹೆಂಚಿನ ಹೊದಿಕೆ ಚದರ ಮೀಟರಿಗೆ 35ರಿಂದ 45 ಕೆಜಿ. ನಾಲ್ಕು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ 250 ಕೆಜಿ. ಐದು ಪಟ್ಟಿಗೂ ಹೆಚ್ಚು ಭಾರವನ್ನು, ತೇವ ಹಿಡಿದ ಮಣ್ಣಿನ ಗೋಡೆಯ ಮೇಲೆ ಹೇರುವ ಸಲಹೆ ಅದು. ಬೆಲ್ಟ್ ಹಾಕಿದರೂ ಗೋಡೆಯ ಶಕ್ತಿ ಹೆಚ್ಚುವುದಿಲ್ಲ. ಎರಡೂ ಬೇಡ. ಇನ್ನೂ ಒಂದು ಎಚ್ಚರ: ಹಾಲ್ ದೊಡ್ಡದು ಮಾಡೋಣ ಎಂದು ಒಳಗೋಡೆ ತೆಗೆಸುವವರಿದ್ದಾರೆ. ತೊಟ್ಟಿಮನೆಯ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಓರೆ ಆಧಾರಗಳಿಲ್ಲ. ಪಕ್ಕಕ್ಕೆ ವಾಲದಂತೆ ಹಿಡಿದಿರುವುದು ಆ ಗೋಡೆಗಳೇ.

ಹೆಂಚು ತೆಗೆದು ಶೀಟ್ ಹಾಕುವುದು ಅಥವಾ ಹೆಂಚಿನ ಮೇಲೆ ಇನ್ನೊಂದು ಶೀಟ್ ಮಾಡು ಎಬ್ಬಿಸುವುದು ಈಗ ಮಲೆನಾಡಿನ ತುಂಬ ನಡೆದಿದೆ. ಸೋರಿಕೆ ನಿಲ್ಲುತ್ತದೆ, ನಿಜ. ಹೆಂಚು ತೆಗೆದರೆ ಮಾಡು ಹಗುರಾಗಿ ಗಾಳಿಗೆ ಏಳುತ್ತದೆ, ಚೌಕಟ್ಟಿಗೆ ಬಿಗಿಯಾಗಿ ಕಟ್ಟಬೇಕು. ಮೇಲೆ ಎಬ್ಬಿಸುವುದಾದರೆ ಅದರ ಕಾಲುಗಳು ಹಳೆ ತೊಲೆಯ ಮೇಲೆ ನಿಲ್ಲದೆ ಹೊರಗಿನ ನೆಲಕ್ಕೆ ಇಳಿಯಲಿ. ತೊಟ್ಟಿಯನ್ನೂ ಮುಚ್ಚಿದರೆ ಗಾಳಿ-ಬೆಳಕು ಕಟ್ಟಿ ಮತ್ತೆ ಥಂಡಿಯ ಸಮಸ್ಯೆಗೇ ಬರುತ್ತೀರಿ.

ಇಡೀ ಮನೆ ನೋಡಿಕೊಳ್ಳಲು ಆಳಿಲ್ಲ ಎಂಬುದೇ ನಿಮ್ಮಿಬ್ಬರ ನಡುವಿನ ನಿಜವಾದ ಜಗಳವಾಗಿದ್ದರೆ ನಡುದಾರಿ ಇದೆ: ಬಳಕೆಯಿಲ್ಲದ ಒಂದು ಮಗ್ಗುಲನ್ನು ಕ್ರಮವಾಗಿ ಬಿಚ್ಚಿ, ಅದರ ಮರದಲ್ಲಿ ಉಳಿದದ್ದನ್ನು ಗಟ್ಟಿ ಮಾಡಿಕೊಳ್ಳುವುದು. ತೊಟ್ಟಿಯ ಚೌಕ ಒಡೆಯದಂತೆ ಹಿಂದಿನ ಅಥವಾ ಕೊಟ್ಟಿಗೆಯ ಕಡೆಯದನ್ನು ಆರಿಸಿ. ಬಿಚ್ಚುವ ಮುಂಚೆ ಪ್ರತಿ ಜೋಡಣೆಗೂ ನಂಬರ್ ಹಾಕಿ ಫೋಟೊ ತೆಗೆಯಿರಿ. ಇಡೀ ಮನೆಯನ್ನೇ ಬಿಚ್ಚಿ ಬೇರೆಡೆ ನಿಲ್ಲಿಸುವುದೂ ಸಾಧ್ಯ. ವಿಜಯನಾಥ ಶೆಣೈಯವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಕುಂಜೂರು ಚೌಕಿಮನೆಯನ್ನು ಹಾಗೆ ನಿಲ್ಲಿಸಿದ್ದಾರೆ. ನಿಮ್ಮ ತಮ್ಮನನ್ನು ಒಮ್ಮೆ ಅಲ್ಲಿಗೂ, ನಿಮ್ಮದೇ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೂ ಕರೆದೊಯ್ಯಿರಿ. ಆದರೆ ಮನೆಯವರ ಮಟ್ಟಿಗೆ ಹಾಗೆ ಬಿಚ್ಚಿ ಬೇರೆಡೆ ನಿಲ್ಲಿಸುವುದು ದುಬಾರಿ ಕೆಲಸ, ಗೋಡೆ-ನೆಲ ಹೊಸದಾಗಿಯೇ ಆಗಬೇಕು.

ಮಾರುವುದೇ ಎಂದಾದರೆ ಒಟ್ಟು ಮೊತ್ತಕ್ಕೆ ಒಪ್ಪಬೇಡಿ. ಎಂಟು ಇಂಚು ಚೌಕ, ಎಂಟು ಅಡಿ ಉದ್ದದ ಮುಂಡಿಗೆಯಲ್ಲಿ ಸುಮಾರು ಮೂರೂವರೆ ಘನ ಅಡಿ ಮರವಿದೆ. ಜಾತಿವಾರು ಅಳೆದು ಘನ ಅಡಿಯ ದರದಲ್ಲಿ ಪಟ್ಟಿ ಮಾಡಿಸಿ, ಕೆತ್ತನೆಯ ಮುಂಡಿಗೆ, ಹೆಬ್ಬಾಗಿಲಿಗೆ ಬೇರೆ ದರ ಕೇಳಿ. ಅಂಥವು ಹೋಗುವುದು ಸೌದೆಗಲ್ಲ, ರೆಸಾರ್ಟ್‌ಗಳಿಗೆ. ನೂರು ವರ್ಷ ದಾಟಿದ, ಕಟ್ಟಡದಿಂದ ಬಿಚ್ಚಿದ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ವ್ಯಾಪಾರಿಯ ಬಳಿ ಅದನ್ನು ಕೇಳಿ ನೋಡಿ, ದರದ ಮಾತು ಬದಲಾಗಬಹುದು. ಮನೆ ಇಬ್ಬರ ಹೆಸರಿನಲ್ಲೂ ಇದ್ದರೆ ಇಬ್ಬರ ಸಹಿ ಇಲ್ಲದೆ ಅಡ್ವಾನ್ಸ್ ಮುಟ್ಟಬೇಡಿ.

ಕೆಲಸದ ಕ್ರಮ ಹೀಗಿರಲಿ. ಈಗಲೇ ಆಧಾರ ಕೊಡಿ, ಮಳೆಗೆ ಮುಂಚೆ ಮೂಲೆಯ ತಗಡಿನ ಮೇಲಿನ ಕಸ ತೆಗೆದು ತೂಬು ಬಿಡಿಸಿ, ಸುರಿಯುವಾಗ ನೀರು ಎಲ್ಲೆಲ್ಲಿ ಬೀಳುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ರಿಪೇರಿಗೆ ಆ ವಿಡಿಯೊಗಿಂತ ಒಳ್ಳೆಯ ದಾಖಲೆ ಇಲ್ಲ. ಅಡಿಕೆ ಕೊಯ್ಲು ಮುಗಿದು ಆಳು ಸಿಗುವ ಹೊತ್ತಿಗೆ, ಜನವರಿಯಿಂದ ಏಪ್ರಿಲ್ ನಡುವೆ ಮುಂಡಿಗೆಯ ಕೆಲಸ ಮಾಡಿಸಿ. ಉಪ್ಪರಿಗೆಯ ಕೆಳಗಿನ ಮುಂಡಿಗೆ ಮುಟ್ಟುವುದಾದರೆ ಮರದ ಚೌಕಟ್ಟು ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಸ್ಥಳಕ್ಕೆ ಬಂದು ನೋಡಲೇಬೇಕು. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆಯ ಕರ್ನಾಟಕದ ಘಟಕಗಳಲ್ಲಿ ಕೇಳಿದರೆ ಅಂಥವರ ಸುಳಿವು ಸಿಗುತ್ತದೆ. ಹೆಂಚು ಇಳಿಸಿದಾಗಲೇ ಅಟ್ಟದ ಹಳೆ ವೈರ್‌ಗಳನ್ನೂ ಕಿತ್ತು ಪೈಪಿನೊಳಗೆ ಹೊಸದು ಎಳೆಸಿಬಿಡಿ.